ಗಣಕಯಂತ್ರಗಳ ದ್ವಿಮುಖ ಆಡಳಿತ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಗಣಕಯಂತ್ರಗಳನ್ನು ಕುರಿತು ಲೇಖನ ಬರೆಯಲು ಹೊರಟರೆ ಕೆಲವರಿಗೆ ನಗೆ ಬರಬಹುದು. ಯಂತ್ರದ ಮಾತೇನಿದ್ದರೂ ಇಂಜಿನಿಯರಿಂಗ್ ಕಾಲೇಜಿನವರಿಗೆ ಸೇರಿದ್ದು, ನಮ್ಮ ಪಾಲಿಗೆ ಇತಿಹಾಸ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರಗಳೇ ಸಾಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಕಳೆದ ಬೇಸಗೆಯವರೆಗೆ ನಾನೂ ಹಾಗೆಯೇ ನಂಬಿದ್ದೆ. ಆ ರಜೆಯಲ್ಲಿ ಎರಡು ತಿಂಗಳ ಕಾಲ ಒಂದು ಹಣಕಾಸು ಸಂಸ್ಥೆಯ ಗಣಕ ವಿಭಾಗದಲ್ಲಿ ತಾತ್ಕಾಲಿಕ ಸಹಾಯಕಿಯಾಗಿ ದುಡಿಯುವ ಅವಕಾಶ ನನಗೆ ದೊರೆಯಿತು. ಯಂತ್ರಗಳ ಪಟ್ಟಿ ಬರೆಯುವುದು, ಶಾಖೆಗಳಿಗೆ ಫೋನು ಮಾಡಿ ವಿಚಾರಿಸುವುದು, ಆಗಾಗ್ಗೆ ಪೆನ್‌ಡ್ರೈವು ಹಿಡಿದು ಬಸ್ಸು ಹತ್ತುವುದು ಇಷ್ಟೇ ನನ್ನ ಕೆಲಸ. ಆದರೆ ಅಲ್ಲಿ ನಾನು ಕಂಡದ್ದು ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ಆಡಳಿತಶಾಸ್ತ್ರ. ನೂರಾರು ಯಂತ್ರಗಳಿಗೆ ಆಜ್ಞೆ ಮಾಡುವವರು ಯಾರು, ಇಬ್ಬರು ಆಜ್ಞೆ ಮಾಡಿದರೆ ಯಾರ ಮಾತು ನಡೆಯಬೇಕು, ತಪ್ಪಾದರೆ ಉತ್ತರ ಹೇಳಬೇಕಾದವರು ಯಾರು ಎಂಬ ಪ್ರಶ್ನೆಗಳು ನಮ್ಮ ರಾಜ್ಯಶಾಸ್ತ್ರದ ಪಾಠಗಳಿಂದ ದೂರವಾದವಲ್ಲ. ಈ ವಿಷಯವನ್ನು ನಾನು ತಿಳಿದುಕೊಂಡ ಮಟ್ಟಿಗೆ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಡಳಿತ ಏತಕ್ಕೆ?

ಮನೆಯಲ್ಲಿ ಒಂದು ಕಂಪ್ಯೂಟರು ಇದ್ದರೆ ಅದರ ಯೋಗಕ್ಷೇಮವನ್ನು ಅದರ ಒಡೆಯನೇ ನೋಡಿಕೊಳ್ಳಬಹುದು. ಕಚೇರಿಯಲ್ಲಿ ಮುನ್ನೂರು ಇದ್ದರೆ ಹಾಗೆ ಬಿಡುವುದು ಸಾಧ್ಯವಿಲ್ಲ. ಯಾವ ಯಂತ್ರ ಎಲ್ಲಿದೆ, ಅದರಲ್ಲಿ ಯಾವ ತಂತ್ರಾಂಶಗಳಿವೆ, ಅದಕ್ಕೆ ರಕ್ಷಣೆಯ ತೇಪೆಗಳನ್ನು ಹಾಕಿದೆಯೇ, ಅದನ್ನು ಬಳಸುವವರಿಗೆ ಎಷ್ಟು ಸ್ವಾತಂತ್ರ್ಯ ಕೊಟ್ಟಿದೆ ಎಂಬ ಲೆಕ್ಕವನ್ನು ಯಾರಾದರೂ ಇಡಲೇಬೇಕು. ವಿಂಡೋಸ್ ವ್ಯವಸ್ಥೆಯನ್ನು ತಯಾರಿಸುವ ಮೈಕ್ರೋಸಾಫ್ಟ್ ಕಂಪನಿಯವರು ಪ್ರತಿ ತಿಂಗಳ ಎರಡನೆಯ ಮಂಗಳವಾರ ತಮ್ಮ ತಂತ್ರಾಂಶದಲ್ಲಿ ಕಂಡುಬಂದ ದೋಷಗಳಿಗೆ ತಿದ್ದುಪಡಿಗಳನ್ನು ಹೊರಡಿಸುತ್ತಾರೆ. ಹಾಗೆ ಹೊರಟ ತಿದ್ದುಪಡಿಯು ಪ್ರತಿಯೊಂದು ಮೇಜಿನ ಮೇಲಿರುವ ಯಂತ್ರವನ್ನೂ ಮುಟ್ಟುವಂತೆ ಮಾಡುವುದು ಆಯಾ ಕಚೇರಿಯ ಹೊಣೆ.

ಈ ಹೊಣೆಯನ್ನು ಅಲಕ್ಷಿಸಿದರೆ ಏನಾಗುವುದೆಂಬುದಕ್ಕೆ 2017ರ ಘಟನೆಯೊಂದು ಸಾಕ್ಷಿಯಾಗಿದೆ. ಆ ವರ್ಷದ ಮಾರ್ಚ್ 14ರಂದು ವಿಂಡೋಸಿನ ಒಂದು ಗಂಭೀರ ದೋಷಕ್ಕೆ ತಿದ್ದುಪಡಿ ಹೊರಟಿತು. ಮೇ 12ರಂದು ಅದೇ ದೋಷವನ್ನು ಹಿಡಿದು ‘ವನ್ನಾಕ್ರೈ’ ಎಂಬ ಪೀಡಕ ತಂತ್ರಾಂಶವು ಜಗತ್ತಿನ ಅನೇಕ ದೇಶಗಳಿಗೆ ಹಬ್ಬಿತು. ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಗಳಲ್ಲಿ ಸುಮಾರು ಮೂರರಲ್ಲೊಂದು ಭಾಗ ಇದರಿಂದ ತೊಂದರೆಗೊಳಗಾದವು. ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಮದ್ದು ಎರಡು ತಿಂಗಳ ಮೊದಲೇ ಸಿದ್ಧವಾಗಿದ್ದಿತು. ಅದು ಯಂತ್ರಗಳನ್ನು ತಲುಪಿರಲಿಲ್ಲ, ಅಷ್ಟೆ. ತಿದ್ದುಪಡಿಯನ್ನು ತಯಾರಿಸುವುದು ಎಷ್ಟು ದೊಡ್ಡ ಕೆಲಸವೋ ಅದನ್ನು ತಲುಪಿಸುವುದೂ ಅಷ್ಟೇ ದೊಡ್ಡ ಕೆಲಸವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕಚೇರಿಯೊಳಗಿನ ಪದ್ಧತಿ

ಈ ಕೆಲಸಕ್ಕೆ ಇರುವ ಹಳೆಯ ಮಾರ್ಗವೆಂದರೆ ಕಚೇರಿಯೊಳಗೇ ಒಂದು ಸರ್ವರನ್ನು ಇಟ್ಟುಕೊಳ್ಳುವುದು. ಮೈಕ್ರೋಸಾಫ್ಟಿನವರು ಇದಕ್ಕಾಗಿ 1994ರಲ್ಲಿ ‘ಸಿಸ್ಟಮ್ಸ್ ಮ್ಯಾನೇಜ್‌ಮೆಂಟ್ ಸರ್ವರ್’ ಎಂಬ ತಂತ್ರಾಂಶವನ್ನು ಹೊರತಂದರು. ಅದೇ ಮುಂದೆ ಬೆಳೆದು ‘ಕಾನ್ಫಿಗರೇಶನ್ ಮ್ಯಾನೇಜರ್’ ಎಂಬ ಹೆಸರನ್ನು ಪಡೆಯಿತು. ಇದರ ರಚನೆ ಒಂದು ಜಿಲ್ಲಾ ಕಚೇರಿಯ ರಚನೆಯನ್ನು ಹೋಲುತ್ತದೆ. ನಡುವೆ ಒಂದು ಮುಖ್ಯ ಸರ್ವರು. ಎಲ್ಲ ಯಂತ್ರಗಳ ಜಾತಕವನ್ನೂ ಬರೆದಿಡುವ ಒಂದು ದತ್ತಾಂಶ ಭಂಡಾರ. ದೂರದ ಶಾಖೆಗಳಲ್ಲಿ ಸಾಮಾನು ಕೂಡಿಡಲು ಉಗ್ರಾಣಗಳಂತಹ ವಿತರಣಾ ಕೇಂದ್ರಗಳು. ಪ್ರತಿಯೊಂದು ಯಂತ್ರದಲ್ಲಿಯೂ ಒಂದು ಚಿಕ್ಕ ಪ್ರತಿನಿಧಿ ತಂತ್ರಾಂಶ ಕುಳಿತಿರುತ್ತದೆ. ಸಾಮಾನ್ಯವಾಗಿ ಗಂಟೆಗೊಮ್ಮೆ ಅದು ಮುಖ್ಯ ಕಚೇರಿಯನ್ನು ‘ಹೊಸ ಅಪ್ಪಣೆ ಏನಾದರೂ ಇದೆಯೇ?’ ಎಂದು ಕೇಳುತ್ತದೆ. ವಾರಕ್ಕೊಮ್ಮೆ ತನ್ನ ಯಂತ್ರದ ಬಿಡಿಭಾಗಗಳ ವರದಿಯನ್ನು ಒಪ್ಪಿಸುತ್ತದೆ. ಈ ಅವಧಿಗಳನ್ನು ಆಡಳಿತಗಾರರು ಬೇಕಾದಂತೆ ಬದಲಾಯಿಸಬಹುದು.

ಈ ಪದ್ಧತಿಯ ಬಲವು ಅದರ ವಿವರದಲ್ಲಿದೆ. ಖಾಲಿ ಯಂತ್ರಕ್ಕೆ ಬುಡದಿಂದ ವಿಂಡೋಸನ್ನು ಕಚೇರಿಯ ಜಾಲದ ಮೂಲಕವೇ ತುಂಬಿಸಬಹುದು. ದೊಡ್ಡ ತಂತ್ರಾಂಶವನ್ನು ಶಾಖೆಯ ಉಗ್ರಾಣಕ್ಕೆ ಒಮ್ಮೆ ಕಳುಹಿಸಿದರೆ ಅಲ್ಲಿಂದ ಇಪ್ಪತ್ತು ಯಂತ್ರಗಳು ಹೊರಗಿನ ಇಂಟರ್‌ನೆಟ್ಟನ್ನು ಮುಟ್ಟದೆಯೇ ಅದನ್ನು ಪಡೆಯುತ್ತವೆ. ಸಾಮಾನ್ಯ ಕಂಪ್ಯೂಟರುಗಳನ್ನಲ್ಲದೆ ಸರ್ವರುಗಳನ್ನೂ ಇದು ನೋಡಿಕೊಳ್ಳುತ್ತದೆ. ಇದರ ಕೊರತೆಯೂ ಅಷ್ಟೇ ಸ್ಪಷ್ಟ. ಇದರ ಕೈ ಕಚೇರಿಯ ಗೋಡೆಯವರೆಗೆ ಮಾತ್ರ ಸುಲಭವಾಗಿ ಚಾಚುತ್ತದೆ. ಯಂತ್ರವು ಕಚೇರಿಯ ಜಾಲವನ್ನು ಬಿಟ್ಟು ಹೊರಟರೆ, ವಿಶೇಷ ಏರ್ಪಾಡಿಲ್ಲದಿದ್ದಲ್ಲಿ, ಮಾತು ಕೇಳಿಸದಷ್ಟು ದೂರ ಹೋದಂತೆಯೇ ಸರಿ. ಇದಲ್ಲದೆ ಸರ್ವರನ್ನು ಕೊಳ್ಳಬೇಕು, ಅದನ್ನು ತಂಪಾಗಿ ಇಡಬೇಕು, ವಿದ್ಯುತ್ತು ನಿಂತರೆ ಬದಲಿ ವ್ಯವಸ್ಥೆ ಮಾಡಬೇಕು, ಅದನ್ನು ನಡೆಸಬಲ್ಲವರಿಗೆ ಸಂಬಳ ಕೊಡಬೇಕು.

ಕ್ಲೌಡ್ ಪದ್ಧತಿ

‘ಕ್ಲೌಡ್’ ಎಂದರೆ ಮೋಡ. ಹೆಸರು ಕೇಳಿ ಆಕಾಶದತ್ತ ನೋಡಬೇಕಾಗಿಲ್ಲ. ಬೇರೊಬ್ಬರು ಎಲ್ಲಿಯೋ ಭೂಮಿಯ ಮೇಲೆಯೇ ಕಟ್ಟಿರುವ ದೊಡ್ಡ ಸರ್ವರು ಗೃಹಗಳನ್ನು ಇಂಟರ್‌ನೆಟ್ಟಿನ ಮೂಲಕ ಬಾಡಿಗೆಗೆ ಬಳಸುವುದಕ್ಕೇ ಈ ಹೆಸರು. ಯಂತ್ರಗಳ ಆಡಳಿತವನ್ನು ಈ ಬಗೆಯಲ್ಲಿ ನಡೆಸುವ ಸೇವೆಯನ್ನು ಮೈಕ್ರೋಸಾಫ್ಟಿನವರು 2011ರಲ್ಲಿ ಆರಂಭಿಸಿದರು. ಆಗ ಅದರ ಹೆಸರು ‘ವಿಂಡೋಸ್ ಇಂಟ್ಯೂನ್’. 2014ರಿಂದ ‘ಮೈಕ್ರೋಸಾಫ್ಟ್ ಇಂಟ್ಯೂನ್’. ಇಲ್ಲಿ ಕಚೇರಿಯು ಸರ್ವರನ್ನು ಇಡಬೇಕಾಗಿಲ್ಲ. ಯಂತ್ರವು ಎಲ್ಲಿದ್ದರೂ ಇಂಟರ್‌ನೆಟ್ಟು ಸಿಕ್ಕಿದೊಡನೆ ಆಜ್ಞೆಗಳನ್ನು ಪಡೆಯಬಲ್ಲದು. ಆಡಳಿತಗಾರರು ಬ್ರೌಸರಿನಲ್ಲಿ ಒಂದು ಪುಟವನ್ನು ತೆರೆದು, ಮಡಿಕೇರಿಯಲ್ಲಿರುವ ಯಂತ್ರಕ್ಕೂ ಬೀದರಿನಲ್ಲಿರುವ ಯಂತ್ರಕ್ಕೂ ಒಂದೇ ನಿಯಮವನ್ನು ವಿಧಿಸಬಹುದು. ಲ್ಯಾಪ್‌ಟಾಪು ಕಳುವಾದರೆ, ಅದು ಇಂಟರ್‌ನೆಟ್ಟಿಗೆ ಸೇರಿದಾಗ ಅದರಲ್ಲಿರುವ ಮಾಹಿತಿಯನ್ನು ಅಳಿಸಿಹಾಕುವಂತೆ ದೂರದಿಂದಲೇ ಅಪ್ಪಣೆ ಕೊಡಬಹುದು. ಫೋನುಗಳೂ ಇದರ ಅಧೀನಕ್ಕೆ ಬರುತ್ತವೆ.

ಆದರೆ ಇದೂ ದೋಷರಹಿತವಲ್ಲ. ಹೊಸದಾಗಿ ಸೇರಿದ ಯಂತ್ರವು ಮೊದಮೊದಲು ಪದೇಪದೇ ವಿಚಾರಿಸಿಕೊಂಡರೂ, ಆಮೇಲೆ ಸಾಮಾನ್ಯವಾಗಿ ಎಂಟು ಗಂಟೆಗೊಮ್ಮೆ ಮಾತ್ರ ಬಂದು ಕೇಳುತ್ತದೆ. ಖಾಲಿ ಯಂತ್ರಕ್ಕೆ ಬುಡದಿಂದ ವಿಂಡೋಸ್ ತುಂಬಿಸುವುದು ಇದರ ಕೆಲಸವಲ್ಲ. ಸರ್ವರುಗಳು ಇದರ ವ್ಯಾಪ್ತಿಯಿಂದ ಹೊರಗೆ. ಇಂಟರ್‌ನೆಟ್ಟು ತೆಳ್ಳಗಿರುವ ಊರಿನಲ್ಲಿ ಇಪ್ಪತ್ತು ಯಂತ್ರಗಳೂ ಒಂದೇ ಬೆಳಿಗ್ಗೆ ಒಂದೇ ತಿದ್ದುಪಡಿಯನ್ನು ಹೊರಗಿನಿಂದ ಎಳೆಯತೊಡಗಿದರೆ ಕೌಂಟರಿನ ಕೆಲಸ ನಿಂತುಹೋಗುತ್ತದೆ. ಒಂದು ಯಂತ್ರ ಪಡೆದದ್ದನ್ನು ಪಕ್ಕದ ಯಂತ್ರಗಳೊಡನೆ ಹಂಚಿಕೊಳ್ಳುವ ಏರ್ಪಾಡು ವಿಂಡೋಸಿನಲ್ಲಿಯೇ ಇದೆಯಾದರೂ ಅದನ್ನು ಸರಿಯಾಗಿ ಹೊಂದಿಸಿರಬೇಕು. ಖರ್ಚಿನ ಸ್ವರೂಪವೂ ಬೇರೆ. ಒಂದೇ ಸಲ ಬಂಡವಾಳ ಹಾಕುವುದಕ್ಕೆ ಬದಲಾಗಿ ತಲೆಗಿಷ್ಟೆಂದು ಚಂದಾ ತೆರುತ್ತಲೇ ಇರಬೇಕಾಗುತ್ತದೆ.

ಎರಡನ್ನೂ ಕೂಡಿಸಿದ ಬಗೆ

ಹೀಗೆ ಒಂದರ ಬಲ ಇನ್ನೊಂದರ ದೌರ್ಬಲ್ಯವಾಗಿರುವಾಗ, ಎರಡನ್ನೂ ಕೂಡಿಸಿದರೆ ಹೇಗೆ ಎಂಬ ಆಲೋಚನೆ ಸಹಜವೇ. 2017ರಲ್ಲಿ ಈ ಕೂಡುವಿಕೆಗೆ ‘ಕೋ-ಮ್ಯಾನೇಜ್‌ಮೆಂಟ್’ ಎಂಬ ಹೆಸರಿನಿಂದ ದಾರಿಯಾಯಿತು. ವಿಂಡೋಸ್ 10ರ 1709ನೆಯ ಆವೃತ್ತಿಯಿಂದ ಮೊದಲ್ಗೊಂಡು ಒಂದೇ ಯಂತ್ರವು ಕಾನ್ಫಿಗರೇಶನ್ ಮ್ಯಾನೇಜರಿಗೂ ಇಂಟ್ಯೂನಿಗೂ ಏಕಕಾಲದಲ್ಲಿ ಅಧೀನವಾಗಿರಬಹುದು. ಕನ್ನಡದಲ್ಲಿ ಇದನ್ನು ‘ಸಹ-ಆಡಳಿತ’ ಎಂದು ಕರೆಯೋಣ.

2020ರ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಈ ಏರ್ಪಾಡಿನ ಅಗತ್ಯವು ಎಲ್ಲರಿಗೂ ಮನವರಿಕೆಯಾಯಿತು. ಬೆಂಗಳೂರಿನ ಕಂಪನಿಗಳ ನೌಕರರು ಲ್ಯಾಪ್‌ಟಾಪುಗಳನ್ನು ಹೊತ್ತು ತಮ್ಮ ತಮ್ಮ ಊರು ಸೇರಿದರು. ನಮ್ಮ ಹಳ್ಳಿಯ ಜಗಲಿಗಳ ಮೇಲೂ ಕಂಪನಿಯ ಯಂತ್ರಗಳು ಕಾಣಿಸಿಕೊಂಡದ್ದು ನನಗೆ ನೆನಪಿದೆ. ಕಚೇರಿಯೊಳಗಿನ ಸರ್ವರು ತನ್ನ ಜಾಗದಲ್ಲಿಯೇ ಇದ್ದಿತು. ಅದರ ಪ್ರಜೆಗಳೆಲ್ಲ ಊರು ಬಿಟ್ಟಿದ್ದರು. ಅಂತಹ ಯಂತ್ರಗಳನ್ನು ತಲುಪಲು ಕ್ಲೌಡಿನ ನೆರವು ಬೇಕೇಬೇಕಾಯಿತು. ಹಾಗೆಂದು ಇಪ್ಪತ್ತು ವರ್ಷಗಳಿಂದ ಕಟ್ಟಿದ ಹಳೆಯ ವ್ಯವಸ್ಥೆಯನ್ನು ಒಂದು ರಾತ್ರಿಯಲ್ಲಿ ಕಿತ್ತೊಗೆಯುವುದೂ ಸಾಧ್ಯವಿರಲಿಲ್ಲ. ಹಳೆಯದನ್ನು ಉಳಿಸಿಕೊಂಡು ಹೊಸದಕ್ಕೆ ದಾಟುವ ಸೇತುವೆಯಾಗಿ ಅನೇಕ ಕಡೆ ಸಹ-ಆಡಳಿತವು ನಿಂತಿತು.

ಇದಕ್ಕೆ ಬೇಕಾದ ಸಾಮಗ್ರಿಗಳು ಸಂಕ್ಷೇಪವಾಗಿ ಹೀಗಿವೆ. ಮೊದಲನೆಯದು ಗುರುತು. ಕಚೇರಿಯೊಳಗಿನ ‘ಆಕ್ಟಿವ್ ಡೈರೆಕ್ಟರಿ’ಯಲ್ಲಿ ದಾಖಲಾದ ಯಂತ್ರವು ಕ್ಲೌಡಿನ ದಾಖಲೆಯಲ್ಲಿಯೂ ನೋಂದಣಿಯಾಗಬೇಕು. ಈ ಕ್ಲೌಡ್ ದಾಖಲೆಗೆ 2023ರಿಂದ ‘ಎಂಟ್ರಾ ಐಡಿ’ ಎಂದು ಹೆಸರು. ಎರಡನೆಯದು, ಯಂತ್ರವನ್ನು ಇಂಟ್ಯೂನಿಗೆ ಸೇರಿಸುವುದು. ಮೂರನೆಯದು, ಹೊರಗಿರುವ ಯಂತ್ರಗಳು ಕಚೇರಿಯ ಸರ್ವರನ್ನು ಇಂಟರ್‌ನೆಟ್ಟಿನ ಮೂಲಕ ಮುಟ್ಟಲು ನಡುವೆ ಒಂದು ಹೆಬ್ಬಾಗಿಲು. ಇದು ಕ್ಲೌಡಿನಲ್ಲಿ ನಿಲ್ಲುವ ಬಾಗಿಲಾದ್ದರಿಂದ ಕಚೇರಿಯ ಸರ್ವರನ್ನು ನೇರವಾಗಿ ಬೀದಿಗೆ ತೆರೆದಿಡುವ ಅಪಾಯವಿಲ್ಲ. ಈ ಮೂರನೆಯದು ಎಲ್ಲರಿಗೂ ಕಡ್ಡಾಯವಲ್ಲ. ಯಂತ್ರಗಳು ಹೆಚ್ಚಾಗಿ ಹೊರಗಿರುವ ಕಡೆ ಉಪಯುಕ್ತ.

ವಿಷಯಗಳ ವಿಂಗಡಣೆ

ರಾಜ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಈಗ ಒಂದು ಹಳೆಯ ಪಾಠ ನೆನಪಾಗಬೇಕು. 1919ರ ಭಾರತ ಸರ್ಕಾರದ ಕಾಯಿದೆಯು ಪ್ರಾಂತಗಳಲ್ಲಿ ದ್ವಿಮುಖ ಸರ್ಕಾರವನ್ನು ಸ್ಥಾಪಿಸಿತು. ಆಡಳಿತದ ವಿಷಯಗಳನ್ನು ಎರಡಾಗಿ ಹಂಚಿ, ಕೆಲವನ್ನು ಗವರ್ನರನ ಕೈಯಲ್ಲಿ ಕಾಯ್ದಿರಿಸಿ, ಕೆಲವನ್ನು ಮಂತ್ರಿಗಳಿಗೆ ವರ್ಗಾಯಿಸಲಾಯಿತು. ಸಹ-ಆಡಳಿತದ ಹೃದಯವೂ ಇಂತಹ ಒಂದು ಹಂಚಿಕೆಯೇ ಆಗಿದೆ. ಯಂತ್ರದ ಮೇಲಿನ ಅಧಿಕಾರವನ್ನು ಬಾಬುಗಳಾಗಿ ಒಡೆದು, ಪ್ರತಿಯೊಂದು ಬಾಬೂ ಯಾರ ಕೈಯಲ್ಲಿರಬೇಕೆಂದು ನಿರ್ಧರಿಸುತ್ತಾರೆ. ಮುಖ್ಯ ಬಾಬುಗಳು ಆರು:

1. ಯಂತ್ರವು ಕಚೇರಿಯ ನಿಯಮಗಳಿಗೆ ಬದ್ಧವಾಗಿದೆಯೇ ಎಂಬ ಪರೀಕ್ಷೆ;
2. ವಿಂಡೋಸಿನ ತಿದ್ದುಪಡಿಗಳು;
3. ವೈರಸ್ಸು ಮೊದಲಾದವುಗಳಿಂದ ರಕ್ಷಣೆ;
4. ಯಂತ್ರದ ಸಾಮಾನ್ಯ ಹೊಂದಾಣಿಕೆಗಳು;
5. ವರ್ಡ್, ಎಕ್ಸೆಲ್ ಮೊದಲಾದ ಆಫೀಸ್ ತಂತ್ರಾಂಶಗಳು;
6. ಇತರ ತಂತ್ರಾಂಶಗಳು.

ಆಡಳಿತಗಾರರ ಪರದೆಯ ಮೇಲೆ ಪ್ರತಿಯೊಂದು ಬಾಬಿಗೂ ಅತ್ತಿತ್ತ ಸರಿಸಬಹುದಾದ ಒಂದು ಗುಂಡಿ ಇರುತ್ತದೆ. ಅದಕ್ಕೆ ಮೂರು ಸ್ಥಾನಗಳು. ಎಡಗಡೆ ಇದ್ದರೆ ಅಧಿಕಾರ ಕಚೇರಿಯೊಳಗಿನ ಸರ್ವರಿಗೆ. ಬಲಗಡೆ ಇದ್ದರೆ ಇಂಟ್ಯೂನಿಗೆ. ನಡುವೆ ಇದ್ದರೆ ಪ್ರಾಯೋಗಿಕವಾಗಿ ಆರಿಸಿದ ಕೆಲವೇ ಯಂತ್ರಗಳ ಮಟ್ಟಿಗೆ ಇಂಟ್ಯೂನಿಗೆ, ಉಳಿದವುಗಳ ಮೇಲೆ ಹಳೆಯ ಸರ್ವರಿಗೆ. ಪ್ರಯೋಗವು ಸಫಲವಾಗದಿದ್ದರೆ ಗುಂಡಿಯನ್ನು ಹಿಂದಕ್ಕೂ ಎಳೆಯಬಹುದು. ಎಲ್ಲ ಬಾಬುಗಳನ್ನೂ ಒಟ್ಟಿಗೆ ಸರಿಸಬೇಕೆಂಬ ನಿರ್ಬಂಧವಿಲ್ಲ.

ಇಂತಹ ಹಂಚಿಕೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ವಿಷಯಗಳನ್ನು ಬೇರ್ಪಡಿಸಬಾರದು. 1919ರ ಪದ್ಧತಿಯಲ್ಲಿ ಬೇಸಾಯವು ಮಂತ್ರಿಗಳ ಪಾಲಿಗೂ ನೀರಾವರಿಯು ಗವರ್ನರನ ಪಾಲಿಗೂ ಬಂದು, ನೀರಿನ ಮೇಲೆ ಅಧಿಕಾರವಿಲ್ಲದ ಬೇಸಾಯ ಮಂತ್ರಿಯು ನಿಸ್ಸಹಾಯಕನಾಗಿದ್ದುದನ್ನು ನಾವು ಓದಿದ್ದೇವೆ. ಇಲ್ಲಿ ಆ ತಪ್ಪಿಗೆ ತಕ್ಕಮಟ್ಟಿಗೆ ತಡೆಯಿದೆ. ನಾಲ್ಕನೆಯ ಬಾಬಾದ ಸಾಮಾನ್ಯ ಹೊಂದಾಣಿಕೆಗಳನ್ನು ಇಂಟ್ಯೂನಿಗೆ ಸರಿಸಿದರೆ ಮೂರನೆಯದಾದ ರಕ್ಷಣೆಯೂ ಅದರೊಡನೆ ಹೋಗುತ್ತದೆ. ಇನ್ನು ಆರನೆಯದಾದ ಇತರ ತಂತ್ರಾಂಶಗಳ ಬಾಬು ನಮ್ಮ ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯನ್ನು ಹೋಲುತ್ತದೆ. ಅದನ್ನು ಇಂಟ್ಯೂನಿಗೆ ಸರಿಸಿದ ಮೇಲೂ ಹಳೆಯ ಸರ್ವರು ತಂತ್ರಾಂಶಗಳನ್ನು ಕಳುಹಿಸಬಲ್ಲದು. ಆದುದರಿಂದ ಒಂದೇ ತಂತ್ರಾಂಶವನ್ನು ಇಬ್ಬರೂ ಕಳುಹಿಸದಂತೆ ಮನುಷ್ಯರೇ ಎಚ್ಚರ ವಹಿಸಬೇಕು.

ಯಾವುದನ್ನು ಮೊದಲು ಸರಿಸಬೇಕು? ಅನೇಕರು ಮೊದಲನೆಯ ಬಾಬಿನಿಂದ ಆರಂಭಿಸುತ್ತಾರೆ. ಪರೀಕ್ಷೆ ಮಾಡುವುದರಿಂದ ಯಂತ್ರದಲ್ಲಿ ಬದಲಾವಣೆ ಕಡಿಮೆ, ಲಾಭ ಹೆಚ್ಚು. ತಿದ್ದುಪಡಿಯಿಲ್ಲದ ಅಥವಾ ಬೀಗವಿಲ್ಲದ ಯಂತ್ರದಿಂದ ಕಚೇರಿಯ ಅಂಚೆಯನ್ನು ತೆರೆಯಗೊಡದಂತೆ ಷರತ್ತು ಹಾಕಲು ಇದು ಅನುಕೂಲ. ಬುಡದಿಂದ ವಿಂಡೋಸ್ ತುಂಬಿಸುವುದು, ಸರ್ವರುಗಳ ಉಸ್ತುವಾರಿ ಇವು ಹೇಗೂ ಹಳೆಯ ಮನೆಯಲ್ಲಿಯೇ ಉಳಿಯುತ್ತವೆ.

ನಾನು ಕಂಡ ಒಂದು ಪ್ರಸಂಗ

ಇಲ್ಲಿಯವರೆಗೆ ಬರೆದದ್ದು ಓದಿ, ಕೇಳಿ ತಿಳಿದದ್ದು. ಈಗ ಹೇಳುವುದು ಕಣ್ಣಾರೆ ಕಂಡದ್ದು.

ನಾನಿದ್ದ ಸಂಸ್ಥೆಯವರು ತಿದ್ದುಪಡಿಗಳ ಬಾಬನ್ನು ಇಂಟ್ಯೂನಿಗೆ ಸರಿಸಲು ನಿರ್ಧರಿಸಿ, ಗುಂಡಿಯನ್ನು ನಡುವಿನ ಸ್ಥಾನದಲ್ಲಿ ನಿಲ್ಲಿಸಿದರು. ಪ್ರಯೋಗಕ್ಕೆ ಹದಿನೈದು ಯಂತ್ರಗಳು ಬೇಕಾಗಿದ್ದವು. ಆ ಪಟ್ಟಿಯನ್ನು ಸಿದ್ಧಪಡಿಸುವ ಕೆಲಸ ನನಗೆ ಬಂದಿತು. ಮೇಲ್ವಿಚಾರಕರು, “ಎಲ್ಲ ಬಗೆಯ ಯಂತ್ರಗಳೂ ಇರಲಮ್ಮಾ, ಆದರೆ ಜನರ ಮುಂದೆ ಇರುವ ಯಂತ್ರಗಳು ಬೇಡ” ಎಂದು ಹೇಳಿದ್ದರು. ನಾನು ಯಂತ್ರಗಳ ಹೆಸರನ್ನು ನೋಡಿ ಪಟ್ಟಿ ಬರೆದೆ. ಒಂದು ಹೋಬಳಿ ಶಾಖೆಯಲ್ಲಿ ಹಿಂದಿನ ತಿಂಗಳು ಒಳಕೋಣೆಯ ಯಂತ್ರವನ್ನು ಕೌಂಟರಿಗೆ ತಂದು ಇಟ್ಟಿದ್ದರು. ಹೆಸರು ಮಾತ್ರ ಹಳೆಯದೇ ಉಳಿದಿತ್ತು. ಶಾಖೆಗೆ ಒಂದು ಫೋನು ಮಾಡಿ ವಿಚಾರಿಸಿದ್ದರೆ ತಿಳಿಯುತ್ತಿತ್ತು. ನಾನು ಮಾಡಲಿಲ್ಲ.

ಮೇ ತಿಂಗಳ ಎರಡನೆಯ ಮಂಗಳವಾರ ಕಳೆದು ಗುರುವಾರ ಬಂದಿತು. ಬೇರೆ ಕೆಲಸಕ್ಕಾಗಿ ನಾನು ಅಂದು ಅದೇ ಶಾಖೆಗೆ ಹೋಗಿದ್ದೆ. ಮಧ್ಯಾಹ್ನ ಒಂದು ಗಂಟೆಯ ಸುಮಾರಿಗೆ ಕೌಂಟರಿನ ಮುಂದೆ ಅರವತ್ತು ದಾಟಿದ ಒಬ್ಬ ಅಜ್ಜಿ ನಿಂತಿದ್ದರು. ಮೊಮ್ಮಗಳ ಮದುವೆಗೆಂದು ಅಡವಿಟ್ಟ ಸರವನ್ನು ಬಿಡಿಸಿಕೊಳ್ಳಲು ಸೆರಗಿನ ಗಂಟಿನಲ್ಲಿ ಹಣ ತಂದಿದ್ದರು. ಗುಮಾಸ್ತರು ಲೆಕ್ಕ ಹಾಕಿ, ಹಣ ಎಣಿಸಿಕೊಂಡು, ರಸೀದಿ ತೆಗೆಯಬೇಕೆನ್ನುವಷ್ಟರಲ್ಲಿ ಯಂತ್ರವು ತಾನು ಮರಳಿ ಆರಂಭವಾಗುವುದಾಗಿ ಎಚ್ಚರಿಕೆ ತೋರಿಸಿತು. ತಡೆಯಲು ದಾರಿಯೇ ಇರಲಿಲ್ಲ. ಪರದೆ ಕಪ್ಪಾಯಿತು, ತಿದ್ದುಪಡಿ ನಡೆಯುತ್ತಿದೆ, ಆರಿಸಬೇಡಿ ಎಂಬ ಸಾಲು ಮೂಡಿತು. ಹಳೆಯ ಯಂತ್ರ, ಮುಕ್ಕಾಲು ಗಂಟೆಯಾದರೂ ಮುಗಿಯಲಿಲ್ಲ. ಹಣ ಕೌಂಟರಿನ ಒಳಗೆ, ಸರ ತಿಜೋರಿಯ ಒಳಗೆ, ಅಜ್ಜಿ ಹೊರಗೆ. “ನನ್ನ ದುಡ್ಡು ಎಲ್ಲಿಗೂ ಹೋಗಿಲ್ಲ ತಾನೇ ಮಗಳೇ?” ಎಂದು ಅವರು ನನ್ನನ್ನು ಎರಡು ಮೂರು ಸಲ ಕೇಳಿದರು. ಇಲ್ಲ ಅಜ್ಜಿ ಎಂದೆ. ಕೊನೆಗೆ ಸರ ಅವರ ಕೈಸೇರಿತು. ಅಷ್ಟರಲ್ಲಿ ಎರಡು ಗಂಟೆಯ ಬಸ್ಸು ಹೋಗಿತ್ತು, ಮುಂದಿನದು ಸಂಜೆಗೆ. ಬಂಗಾರವನ್ನು ಮಡಿಲಲ್ಲಿಟ್ಟುಕೊಂಡು ಅವರು ಬಸ್‌ನಿಲ್ದಾಣದಲ್ಲಿ ಒಬ್ಬರೇ ಕುಳಿತಿರುವುದು ನನಗೆ ಒಳಗಿನಿಂದಲೇ ಕಾಣಿಸುತ್ತಿತ್ತು. ನಾನು ಹೋಗಿ ಬಸ್ಸು ಬರುವವರೆಗೆ ಅವರ ಪಕ್ಕದಲ್ಲಿ ಕುಳಿತೆ. ತಪ್ಪಿನಲ್ಲಿ ನನ್ನ ಪಾಲೂ ಇದೆಯೆಂದು ಹೇಳಲು ಬಾಯಿ ಬರಲಿಲ್ಲ.

ಮೂರನೆಯ ಅಧಿಕಾರ

ಮರುದಿನ ಮೇಲ್ವಿಚಾರಕರು ಕಾರಣವನ್ನು ಹುಡುಕಲು ಕುಳಿತರು. ಇಂಟ್ಯೂನಿನಲ್ಲಿ ಬರೆದ ನಿಯಮದ ಪ್ರಕಾರ ಕೆಲಸದ ವೇಳೆಯಲ್ಲಿ ಯಂತ್ರ ಮರಳಿ ಆರಂಭವಾಗಕೂಡದು. ಹಳೆಯ ಸರ್ವರಿನಲ್ಲಿಯೂ ಮಧ್ಯಾಹ್ನದ ಅಪ್ಪಣೆ ಯಾವುದೂ ಇರಲಿಲ್ಲ. ಹಾಗಾದರೆ ಅಪ್ಪಣೆ ಕೊಟ್ಟವರು ಯಾರು?

ಕೊಟ್ಟದ್ದು ಮೂರನೆಯ ಅಧಿಕಾರ. 2000ದಲ್ಲಿ ಹೊರಬಂದ ಆಕ್ಟಿವ್ ಡೈರೆಕ್ಟರಿಯೊಡನೆಯೇ ‘ಗ್ರೂಪ್ ಪಾಲಿಸಿ’ ಎಂಬ ಏರ್ಪಾಡೂ ಬಂದಿದೆ. ಕಚೇರಿಯ ಯಂತ್ರಗಳಿಗೆಲ್ಲ ಸಾಮಾನ್ಯ ನಿಯಮಗಳನ್ನು ವಿಧಿಸುವ ಕಟ್ಟಳೆಗಳ ಕಡತವದು. ಎಷ್ಟೋ ವರ್ಷಗಳ ಹಿಂದೆ ಯಾರೋ ಒಬ್ಬರು, ರಾತ್ರಿ ಯಂತ್ರಗಳನ್ನು ಆರಿಸಿಬಿಡುತ್ತಾರೆ, ಆದುದರಿಂದ ಊಟದ ಹೊತ್ತಿನಲ್ಲಿ ತಿದ್ದುಪಡಿ ನಡೆಯಲಿ ಎಂದು ಒಳ್ಳೆಯ ಉದ್ದೇಶದಿಂದಲೇ ಅದರಲ್ಲಿ ಬರೆದಿದ್ದರು. ಮುಂದೆ ತಿದ್ದುಪಡಿಗಳನ್ನು ಕಾನ್ಫಿಗರೇಶನ್ ಮ್ಯಾನೇಜರು ತನ್ನದೇ ದಾರಿಯಲ್ಲಿ ಕಳುಹಿಸತೊಡಗಿದ ಮೇಲೆ ಆ ಕಟ್ಟಳೆಗೆ ಕೆಲಸವಿಲ್ಲದಾಯಿತು. ಒಂದು ಗಂಟೆಗೆ ಅದು ದಿನವೂ ಏಳುತ್ತಿತ್ತು. ತಾನಾಗಿ ಹಾಕಬೇಕಾದ ತಿದ್ದುಪಡಿ ಏನೂ ಕಾಣದೆ ಮಲಗುತ್ತಿತ್ತು. ನಾವು ಅಧಿಕಾರವನ್ನು ಇಂಟ್ಯೂನಿಗೆ ಸರಿಸಿದೊಡನೆ ಯಂತ್ರವು ತಿದ್ದುಪಡಿಗಳಿಗಾಗಿ ನೇರವಾಗಿ ಇಂಟರ್‌ನೆಟ್ಟಿನತ್ತ ನೋಡತೊಡಗಿತು. ಹಳೆಯ ಕಟ್ಟಳೆಗೆ ಮತ್ತೆ ಕೆಲಸ ಸಿಕ್ಕಿತು. ಎರಡು ನಿಯಮಗಳು ಘರ್ಷಿಸಿದಾಗ, ಬೇರೆ ರೀತಿ ಹೇಳದಿದ್ದರೆ, ವಿಂಡೋಸು ಸಾಮಾನ್ಯವಾಗಿ ಗ್ರೂಪ್ ಪಾಲಿಸಿಯ ಮಾತನ್ನೇ ಕೇಳುತ್ತದೆ. ನಾವು ಸರಿಸಿದ ಗುಂಡಿಗೆ ಕಾನ್ಫಿಗರೇಶನ್ ಮ್ಯಾನೇಜರು ಮತ್ತು ಇಂಟ್ಯೂನು ಎರಡೇ ಗೊತ್ತು. ಈ ಮೂರನೆಯದರ ಮೇಲೆ ಅದಕ್ಕೆ ಅಧಿಕಾರವಿಲ್ಲ.

ನನ್ನ ಪಟ್ಟಿಯ ತಪ್ಪನ್ನು ನಾನಾಗಿಯೇ ಒಪ್ಪಿಕೊಂಡೆ. ಮೇಲ್ವಿಚಾರಕರು ಗದರಲಿಲ್ಲ. “ಯಂತ್ರ ಹೇಳಿದ ಮಾತನ್ನೇ ಕೇಳಿದೆ ಕಣಮ್ಮಾ. ಹೇಳಿದವರು ಎಷ್ಟು ಜನವೆಂದು ನಾವೇ ಲೆಕ್ಕ ಇಟ್ಟಿರಲಿಲ್ಲ” ಎಂದರು. ಆ ಹಳೆಯ ಕಟ್ಟಳೆ ಅಲ್ಲಿಯವರೆಗೆ ಯಾರ ಕಣ್ಣಿಗೂ ಬೀಳದೇ ಇದ್ದುದು ನನ್ನ ತಪ್ಪಲ್ಲ. ಆದರೆ ಪಟ್ಟಿ ಸರಿಯಾಗಿದ್ದಿದ್ದರೆ ಅದು ಎಚ್ಚೆತ್ತುದು ಒಳಕೋಣೆಯಲ್ಲಿ ಗೊತ್ತಾಗುತ್ತಿತ್ತು, ಅಜ್ಜಿಯ ಮುಂದಲ್ಲ. ಪ್ರಯೋಗದ ಗುಂಪನ್ನು ಆರಿಸುವುದು ಗುಮಾಸ್ತಿಕೆಯ ಕೆಲಸವೆಂದು ನಾನು ಭಾವಿಸಿದ್ದೆ. ಮೊದಲ ಪೆಟ್ಟು ಯಾರಿಗೆ ಬೀಳಬೇಕೆಂಬ ತೀರ್ಮಾನವೇ ಅದೆಂದು ಅಂದು ತಿಳಿಯಿತು.

ಅನಂತರ ಮಾಡಿದ ಕ್ರಮವನ್ನು ಇತರರಿಗೆ ಉಪಯೋಗವಾಗಬಹುದೆಂದು ಇಲ್ಲಿ ಬರೆಯುತ್ತೇನೆ. ಮೊದಲು, ಜಾರಿಯಲ್ಲಿರುವ ಎಲ್ಲ ಗ್ರೂಪ್ ಪಾಲಿಸಿಗಳ ಪಟ್ಟಿ ತೆಗೆದೆವು. ಅವುಗಳನ್ನು ಪರಿಶೀಲಿಸಿ, ಯಾವುದಕ್ಕೆ ಇಂಟ್ಯೂನಿನಲ್ಲಿ ಸಮಾನವಾದ ನಿಯಮವಿದೆಯೆಂದು ತೋರಿಸುವ ಸಲಕರಣೆ ಇಂಟ್ಯೂನಿನಲ್ಲಿಯೇ ಇದೆ. ಎರಡನೆಯದಾಗಿ, ತಿದ್ದುಪಡಿಗೆ ಸಂಬಂಧಿಸಿದ ಹಳೆಯ ಕಟ್ಟಳೆಗಳಿಂದ ಪ್ರಯೋಗದ ಯಂತ್ರಗಳನ್ನು ಬಿಡಿಸಿದೆವು. ಮೂರನೆಯದಾಗಿ, ಪ್ರತಿಯೊಂದು ಬಾಬಿಗೂ ಒಡೆಯರು ಯಾರೆಂಬುದನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆವು. ನಾಲ್ಕನೆಯದಾಗಿ, ನಾನು ಎಲ್ಲ ಶಾಖೆಗಳಿಗೂ ಫೋನು ಮಾಡಿ, ಯಾವ ಯಂತ್ರ ಯಾರ ಮುಂದೆ ಇದೆಯೆಂದು ಕೇಳಿ ಪಟ್ಟಿಯನ್ನು ಹೊಸದಾಗಿ ಬರೆದೆ. ಮುಂದಿನ ತಿಂಗಳ ತಿದ್ದುಪಡಿ ಕೌಂಟರುಗಳನ್ನು ಮುಟ್ಟಿದ್ದು ಬಾಗಿಲು ಹಾಕಿದ ಮೇಲೆ.

ಗುಣದೋಷ ವಿಚಾರ

ಇಷ್ಟು ತೊಡಕಿದ್ದರೆ ಎಲ್ಲವನ್ನೂ ಕ್ಲೌಡಿಗೇ ಒಪ್ಪಿಸಬಾರದೇಕೆ ಎಂದು ಕೇಳಬಹುದು. ಹೊಸದಾಗಿ ಆರಂಭವಾಗುವ ಚಿಕ್ಕ ಕಚೇರಿಗೆ ಅದೇ ಸುಲಭ. ಹಳೆಯ ಸರ್ವರೇ ಇಲ್ಲದಿದ್ದರೆ ಸಹ-ಆಡಳಿತದ ಮಾತೂ ಇಲ್ಲ. ಆದರೆ ದೂರದಿಂದ ಆಳುವ ಪದ್ಧತಿಗೂ ಮಿತಿಯಿದೆಯೆಂದು 2024ರ ಜುಲೈ 19ರಂದು ಜಗತ್ತು ಕಂಡಿತು. ‘ಕ್ರೌಡ್‌ಸ್ಟ್ರೈಕ್’ ಎಂಬ ರಕ್ಷಣಾ ತಂತ್ರಾಂಶದ ದೋಷಪೂರ್ಣ ಪರಿಷ್ಕರಣೆಯೊಂದು ಇಂಟರ್‌ನೆಟ್ಟಿನ ಮೂಲಕ ಹೊರಟು, ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೂ ಕೆಲವು ಕಡೆ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಎದ್ದು ನಿಲ್ಲಲಾರದ ಯಂತ್ರಕ್ಕೆ ದೂರದ ಅಪ್ಪಣೆ ಕೇಳಿಸುವುದಿಲ್ಲ. ಅನೇಕ ಕಡೆ ಮನುಷ್ಯರೇ ಒಂದೊಂದು ಯಂತ್ರದ ಬಳಿಗೂ ಹೋಗಿ ಸರಿಪಡಿಸಬೇಕಾಯಿತು. ವನ್ನಾಕ್ರೈ ತಡಮಾಡಿದ್ದರ ಫಲ. ಇದು ಎಲ್ಲರಿಗೂ ಒಮ್ಮೆಗೇ ಹಂಚಿದ್ದರ ಫಲ. ಇವೆರಡರ ನಡುವಿನ ದಾರಿಯೇ ಮೊದಲು ಕೆಲವರಿಗೆ, ನೋಡಿಕೊಂಡು ಹಲವರಿಗೆ, ಆಮೇಲೆ ಎಲ್ಲರಿಗೆ ಎಂಬ ಕ್ರಮ. ಸಹ-ಆಡಳಿತದ ನಡುವಿನ ಗುಂಡಿಯ ಅರ್ಥವೂ ಅದೇ.

ಹಾಗೆಯೇ ಈ ಪದ್ಧತಿಯನ್ನು ಶಾಶ್ವತವೆಂದು ತಿಳಿಯಬೇಕಾಗಿಲ್ಲ. ಎರಡು ವ್ಯವಸ್ಥೆಗಳನ್ನು ನಡೆಸುವುದೆಂದರೆ ಎರಡನ್ನೂ ಬಲ್ಲವರು ಬೇಕು, ಎರಡರ ಖರ್ಚನ್ನೂ ಹೊರಬೇಕು. ದ್ವಿಮುಖ ಸರ್ಕಾರವೂ 1935ರ ಕಾಯಿದೆಯಿಂದ ಪ್ರಾಂತಗಳಲ್ಲಿ ಕೊನೆಗೊಂಡಿತು. ಆದರೆ ದಾಟುವ ಕಾಲದಲ್ಲಿ ಸೇತುವೆ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ ಯಂತ್ರಗಳನ್ನು ಬದಲಾಯಿಸಬೇಕಾಗಿ ಬಂದ ಕಚೇರಿಗಳು ಬಹಳ. ಯಾವ ಹಳೆಯ ಯಂತ್ರ ವಿಂಡೋಸ್ 11ಕ್ಕೆ ಯೋಗ್ಯ, ಯಾವುದು ಅಲ್ಲ ಎಂಬುದನ್ನು ಹಳೆಯ ಸರ್ವರಿನ ಜಾತಕಗಳಿಂದ ತಿಳಿದು, ಹೊಸ ಯಂತ್ರಗಳನ್ನು ನೇರವಾಗಿ ಕ್ಲೌಡಿಗೆ ಸೇರಿಸುವುದು ಹಣ ಉಳಿಸುವ ಜಾಣತನ.

ಉಪಸಂಹಾರ

ನಮ್ಮ ಮನೆಯಲ್ಲಿ ಪದವಿಯ ತರಗತಿಗೆ ಬಂದವಳು ನಾನೇ ಮೊದಲಿಗಳು. ಕಚೇರಿಯ ಕೌಂಟರಿನ ಹೊರಗೆ ನಿಂತು ಅಭ್ಯಾಸವಿರುವ ಮನೆತನ ನಮ್ಮದು. ಒಳಗೆ ನಿಂತದ್ದು ಆ ಎರಡು ತಿಂಗಳು ಮಾತ್ರ. ಒಳಗಿನವರಿಗೆ ತಿದ್ದುಪಡಿ, ಗುಂಡಿ, ಕಟ್ಟಳೆ ಎಂದು ಕಾಣುವುದು ಹೊರಗಿನವರಿಗೆ ತಪ್ಪಿದ ಬಸ್ಸಾಗಿ ಕಾಣುತ್ತದೆಂದು ನಾನು ಕಲಿತೆ. ನಮ್ಮಲ್ಲಿ ಅನೇಕರು ನಾಳೆ ಗುಮಾಸ್ತರಾಗಿ, ಅಧಿಕಾರಿಗಳಾಗಿ ಇಂತಹ ಯಂತ್ರಗಳ ಮುಂದೆ ಕುಳಿತುಕೊಳ್ಳುವವರೇ. ಆಗ ಯಂತ್ರದ ಒಳಗುಟ್ಟೆಲ್ಲ ತಿಳಿದಿರಬೇಕೆಂದಿಲ್ಲ. ಆದರೆ ಈ ಅಪ್ಪಣೆ ಯಾರದು, ಇದನ್ನು ಬರೆದ ಕಾಲದ ಕಾರಣ ಇಂದಿಗೂ ಇದೆಯೇ, ಇದು ತಪ್ಪಿದರೆ ಮೊದಲು ತೊಂದರೆ ಪಡುವವರು ಯಾರು ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಧಿಕಾರ ಕಲಾ ವಿಭಾಗದವರಿಗೂ ಇದೆ.

ನನ್ನ ಅಲ್ಪ ತಿಳಿವಳಿಕೆಯಲ್ಲಿ ದೋಷಗಳು ಉಳಿದಿದ್ದರೆ ಗುರುಗಳೂ ಸಹಪಾಠಿಗಳೂ ತಿದ್ದಬೇಕಾಗಿ ವಿನಂತಿ.